ನೀರು ಕಾಣದ ಸೀರೆ

ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಕೈ ನೀರಿನ ಬಾಲ್ದಿ ಹುಡುಕುತ್ತದೆ.

ಹಳದೀಪುರದ ನಮ್ಮ ಮನೆಯಲ್ಲಿ ಅಂಗಡಿಯಿಂದ ತಂದ ಬಟ್ಟೆ ನೇರವಾಗಿ ಮೈಮೇಲೆ ಏರುವಂತಿರಲಿಲ್ಲ. ನೀರಿಗೆ ಅದ್ದಿ, ಬಿಸಿಲಿಗೆ ಹರವಿ, ಮೂಲೆಗೆ ಚೂರು ಅರಿಶಿನ ಹಚ್ಚಿದ ಮೇಲೆಯೇ ಉಡಬೇಕು. ಅದು ಅಜ್ಜಿಯ ಕಟ್ಟಪ್ಪಣೆ. ಅಮ್ಮನಿಗಂತೂ ಹೊಸ ಬಟ್ಟೆಯ ಗಂಜಿ ತಾಗಿದರೆ ಸಾಕು, ಕುತ್ತಿಗೆಯೆಲ್ಲ ಕೆಂಪಗಾಗಿ ದದ್ದು ಏಳುತ್ತಿತ್ತು. ಬಟ್ಟೆ ಅದ್ದಲು ಬಾವಿಕಟ್ಟೆಯಿಂದ ನೀರು ತರುವುದು ಒಂದನೇ ಕ್ಲಾಸಿನ ನನ್ನ ಕೆಲಸ.

ಆ ಮಧ್ಯಾಹ್ನ ಆಸ್ಪತ್ರೆಯಿಂದ ಅಮ್ಮನ ಹೆಣ ಬಂತು. ಸೋದರಮಾವ ಕುಮಟಾ ಪೇಟೆಗೆ ಹೋಗಿ ತವರಿನ ಕೊನೆಯ ಸೀರೆ ತಂದ. ಹಸಿರು ಬಣ್ಣದ್ದು. ಹೆಂಗಸರು ಅಮ್ಮನನ್ನು ಮೀಯಿಸಿ ಜಗುಲಿಯ ಚಾಪೆಯ ಮೇಲೆ ಮಲಗಿಸಿದ್ದರು. ಅಜ್ಜಿ ಸೀರೆಯ ಕಟ್ಟು ಬಿಚ್ಚುವಷ್ಟರಲ್ಲಿ ನಾನು ನೀರು ಚೆಲ್ಲುತ್ತಾ ಬಾಲ್ದಿ ಎಳೆದುಕೊಂಡು ಬಂದೆ.

"ಎಂತಕ್ಕೆ ಮಗಾ ನೀರು?" ಅಜ್ಜಿ ಕೇಳಿದಳು.

"ಸೀರೆ ಅದ್ದೂಕೆ. ಹಾಗೇ ಉಡ್ಸಿದ್ರೆ ಅಮ್ಮಂಗೆ ತುರಿಸ್ತದೆ."

ಅಜ್ಜಿ ಸೀರೆಯನ್ನು ಎದೆಗೆ ಒತ್ತಿಕೊಂಡಳು.

"ಇದನ್ನ ಅದ್ದೂದಿಲ್ಲ ಮಗಾ. ಅವಳಿಗೆ ಇನ್ನು ತುರಿಸೂದಿಲ್ಲ."

ನನಗೆ ನಂಬಿಕೆ ಬರಲಿಲ್ಲ. ಸೀರೆ ಉಡಿಸಿದ ಮೇಲೂ ಬಾಲ್ದಿ ಹಿಡಿದುಕೊಂಡೇ ನಿಂತೆ. ಅಂಗಡಿಯ ಮಡಿಕೆ ಹಾಗೇ ಉಳಿದಿದ್ದ ಸೆರಗು ಅಮ್ಮನ ಕುತ್ತಿಗೆಗೆ ತಾಗುತ್ತಿತ್ತು. ಅವಳನ್ನು ಎತ್ತುವವರೆಗೂ ಅದನ್ನೇ ನೋಡುತ್ತಿದ್ದೆ. ಕುತ್ತಿಗೆ ಕೆಂಪಗಾಗಲೇ ಇಲ್ಲ.