ಹದಿನೇಳನೇ ಷರತ್ತು

ಸಭೆ ಮತ್ತೆ ಚಪ್ಪಾಳೆ ತಟ್ಟಿತು. ಕೊನೆಯ ಸಾಲಿನಲ್ಲಿ ಕೂತಿದ್ದ ಷರತ್ತಪ್ಪನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದ ಹಾಗಾಯಿತು. ವೇದಿಕೆಯ ಮೇಲಿದ್ದವನು ಅವನ ಹೆಂಡತಿಯ ತಮ್ಮ. ಬಾಯಿ ಬಾಮೈದನದು, ಮಾತೆಲ್ಲ ಷರತ್ತಪ್ಪನದು.

“ಮನೆ ನಿಮ್ಮದೇ ಅಂತಾರೆ ಈ ಇಂಟರ್ನೆಟ್ ಕಂಪನಿಯೋರು. ಎರಡನೇ ಬೀಗದ ಕೈ ಮಾತ್ರ ಅವರ ಜೇಬಲ್ಲೇ ಇರುತ್ತೆ,” ಎಂದ ಬಾಮೈದ. “ಓಟು ಹಾಕೋರು ನಾವು ಸ್ವಾಮಿ. ಆದ್ರೆ ಓಟಿಗೆ ಮುಂಚೆ ನಮ್ಮ ಕಣ್ಣಿಗೆ ಯಾವ ಸುದ್ದಿ ಬೀಳ್ಬೇಕು, ಯಾವುದು ಬೀಳ್ಬಾರ್ದು ಅಂತ ತೀರ್ಮಾನ ಮಾಡೋರು ಅವರು. ಅಂಥ ಕಂಪನಿ ಕೈಗೆ ಊರಿನ ಅಷ್ಟೂ ಶಾಲೆ ಕಂಪ್ಯೂಟರ್ ಗುತ್ತಿಗೆ ಕೊಡ್ತೀರಾ?” ಮುಂದಿನ ಸಾಲಿನ ಪುರಸಭೆ ಸದಸ್ಯರು ಕಾಲ ಮೇಲಿನ ಕಾಲು ಇಳಿಸಿ ನೆಟ್ಟಗೆ ಕೂತರು.

ಇದನ್ನೇ ಷರತ್ತಪ್ಪ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ. ಕೆಟ್ಟ ಕಂಪ್ಯೂಟರ್ ಹೊತ್ತುಕೊಂಡು ತನ್ನ ರಿಪೇರಿ ಅಂಗಡಿಗೆ ಬಂದವರಿಗೆಲ್ಲ, ಸ್ಕ್ರೂ ಬಿಚ್ಚುತ್ತ, ಆ ಕಂಪನಿಯ ಷರತ್ತುಗಳನ್ನು ಒಂದೊಂದಾಗಿ ಒಪ್ಪಿಸುತ್ತಿದ್ದ. ಅದಕ್ಕೇ ಊರು ಆ ಹೆಸರಿಟ್ಟಿತ್ತು. ‘ಒಪ್ಪಿದ್ದೇನೆ’ ಎಂಬ ಅವರ ಗುಂಡಿಯನ್ನು ಅವನು ಜನ್ಮದಲ್ಲಿ ಒತ್ತಿದವನಲ್ಲ. ಜನ ಮಾತ್ರ, “ಆಯ್ತಪ್ಪ, ಕಂಪ್ಯೂಟರ್ ಯಾವಾಗ ಕೊಡ್ತೀಯ ಹೇಳು” ಎನ್ನುತ್ತಿದ್ದರು. ಕಿವಿಗೊಟ್ಟು ಕೇಳಿದವನು ಬಾಮೈದನೊಬ್ಬನೇ. ಅಕ್ಕನ ಮನೆಗೆ ಬಂದಾಗಲೆಲ್ಲ, ಊಟ ಮಾಡಿದ ಕೈ ಒಣಗಿದರೂ ಏಳದೆ ಕೇಳಿದ್ದ. ಈಗ ಅವನ ಮುಂದೆ ಮೈಕು, ಮುನ್ನೂರು ಜನ. ಹಿತ್ತಲ ಗಿಡ ಮದ್ದಲ್ಲ, ಒಪ್ಪೋಣ. ಅದೇ ಗಿಡದ ಸೊಪ್ಪನ್ನು ಬೇರೆಯವನು ಕಿತ್ತುಕೊಟ್ಟರೆ ಮದ್ದಾಗಿಬಿಡುತ್ತದೇನು?

“ಅವರ ಹದಿನೇಳನೇ ಷರತ್ತು ಯಾರಾದ್ರೂ ಓದಿದೀರಾ?” ಬಾಮೈದ ಕೇಳಿದ. “ನೀವು ಸೇರಿದ ಗಳಿಗೇಲೇ, ನಿಮ್ಮ ನಂಬರ್ ಯಾರ್ಯಾರ ಫೋನಲ್ಲಿದೆಯೋ ಅವರಿಗೆಲ್ಲ ಡಂಗುರ ಸಾರ್ತಾರೆ. ಸುಳ್ಳು ಹೆಸರು ಕೊಟ್ರೂ ಅಷ್ಟೇ. ನೀವು ಮುಸುಕು ಹಾಕ್ಕೊಂಡು ಒಳಗೆ ಹೋದ್ರೂ, ಅವರು ಬಾಗಿಲಲ್ಲಿ ನಿಂತು ನಿಮ್ಮ ಹೆಸರು ಕೂಗ್ತಾರೆ!”

ಸಭೆ ಗೊಳ್ಳೆಂದು ನಕ್ಕಿತು. ಇದೇ ಮಾತಿಗೆ ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ನಕ್ಕಿರಲಿಲ್ಲ. ಷರತ್ತಪ್ಪ ಎದ್ದುಬಿಟ್ಟ.

“ರೀ, ಎಲ್ಲಿಗೆ?” ಎಂದಳು ಹೆಂಡತಿ, ತಮ್ಮನ ಮೇಲಿಟ್ಟ ಕಣ್ಣು ಕೀಳದೆ.

“ತಲೆನೋವು.”

ಮನೆಗೆ ಬಂದವನೇ ಕಂಪ್ಯೂಟರ್ ಮುಂದೆ ಕೂತ. ತಮಾಷೆ ನೋಡಿ, ಪುರಸಭೆಯವರು ಆ ಭಾಷಣವನ್ನು ಅದೇ ಕಂಪನಿಯ ಸೈಟಿನಲ್ಲಿ ಲೈವ್ ತೋರಿಸುತ್ತಿದ್ದರು. ಆ ದನಿ ಕೇಳಲಾರದೆ ಷರತ್ತಪ್ಪ ಸೌಂಡ್ ಬಂದ್ ಮಾಡಿದ. ಕೆಳಗೆ ಹೊಗಳಿಕೆ ಸಾಲುಗಟ್ಟಿತ್ತು. ‘ಎಂಥಾ ತಲೆ!’ ‘ಇಷ್ಟು ದಿನ ನಮಗೆ ಇದನ್ನ ಯಾರೂ ಯಾಕೆ ಹೇಳಲಿಲ್ಲ?’ ಹೀಗೆ ಕೇಳಿದವನ ಕಂಪ್ಯೂಟರನ್ನು ಷರತ್ತಪ್ಪ ಮೂರು ಸಲ ರಿಪೇರಿ ಮಾಡಿಕೊಟ್ಟಿದ್ದ. ಮೂರು ಸಲವೂ ಹೇಳಿದ್ದ.

ತಾನೂ ಬರೆಯೋಣವೆಂದರೆ, ಮೊದಲು ಸೇರಿಕೊಳ್ಳಿ ಎಂದಿತು ಸೈಟು. ಹೆಸರು ಕೇಳಿತು, ‘ಸತ್ಯಪ್ರಿಯ’ ಎಂದು ಕೊಟ್ಟ. ನಂಬರ್ ಕೇಳಿತು, ಇದ್ದದ್ದು ಒಂದೇ, ಅಂಗಡಿ ಬೋರ್ಡಿನ ಮೇಲೆ ಬರೆಸಿದ್ದು, ಅದನ್ನೇ ಕೊಟ್ಟ. ನಲವತ್ತು ಪುಟದ ಷರತ್ತು ಬಂತು. ಒಂದೇ ಏಟಿಗೆ ಕೆಳಕ್ಕೆ ತಳ್ಳಿ ‘ಒಪ್ಪಿದ್ದೇನೆ’ ಒತ್ತಿದ. ಹೊಟ್ಟೆಕಿಚ್ಚು ಹತ್ತಿದವನಿಗೆ ಬಾಯಿಪಾಠವೂ ಮರೆತುಹೋಗುತ್ತದೆ. ಆಮೇಲೆ ಬರೆದ: ‘ಈ ಮನುಷ್ಯನಿಗೆ ಕಂಪ್ಯೂಟರಿನ ಗಂಧಗಾಳಿಯೂ ಗೊತ್ತಿಲ್ಲ. ಎಲ್ಲ ಕದ್ದ ಮಾತು. ಕಂಪನಿ ಒಳ್ಳೆಯದೇ. ಶಾಲೆಯ ಕಂಪ್ಯೂಟರುಗಳನ್ನು ಅವರಿಗೇ ಕೊಡಿ.’ ಕಳಿಸಿದ ಮೇಲೆ ಎದೆ ಹಗುರವಾಯಿತು. ಹೋಗಿ ಒಂದು ಲೋಟ ನೀರು ಕುಡಿದ.

ಸ್ವಲ್ಪ ಹೊತ್ತಿಗೆ ಅಕ್ಕ ತಮ್ಮ ಇಬ್ಬರೂ ಬಂದರು. ಚಪ್ಪಲಿ ಬಿಡುವ ಮೊದಲೇ ಹೆಂಡತಿ ಶುರುಮಾಡಿದಳು.

“ನಿಮ್ಮ ತಲೆನೋವಿಗಿಷ್ಟು ಬೆಂಕಿ ಬೀಳ! ಕೊನೇಲಿ ಇವನು ಏನಂದ ಗೊತ್ತಾ? ‘ಇದ್ಯಾವುದೂ ನಂದಲ್ಲ, ನಮ್ಮ ಭಾವ ಕಲಿಸಿದ್ದು. ನಾನೂ ಸೋತು ಆ ಗುಂಡಿ ಒತ್ತಿದೀನಿ. ಊರಲ್ಲಿ ಇವತ್ತಿಗೂ ಒತ್ತದೆ ಇರೋರು ಅವರೊಬ್ಬರೇ. ಭಾವ, ಸ್ವಲ್ಪ ಎದ್ದು ನಿಂತ್ಕೊಳ್ಳಿ’ ಅಂದ. ಮುನ್ನೂರು ಜನ ತಿರುಗಿ ನೋಡಿದ್ರು ರೀ. ನೋಡಿದ್ರೆ ನನ್ನ ಪಕ್ಕ ಖಾಲಿ ಕುರ್ಚಿ!”

“ನಾಡಿದ್ದಿನ ಪುರಸಭೆ ಮೀಟಿಂಗಿಗೆ ನೀವೇ ಬಂದು ಮಾತಾಡ್ಬೇಕಂತೆ ಭಾವ,” ಎಂದ ಬಾಮೈದ. “ನೀವು ಹೇಳಿದ್ರೆ ಕಂಪನಿಗೆ ಕೊಡೋದನ್ನ ನಿಲ್ಲಿಸ್ತೀವಿ ಅಂದ್ರು ಅಧ್ಯಕ್ಷರು.”

“ಒಂದ್ನಿಮಿಷ, ಬಂದೆ,” ಎಂದು ಷರತ್ತಪ್ಪ ಕಂಪ್ಯೂಟರಿನ ಕಡೆ ಹೊರಟ.

“ಇರಿ ಇರಿ, ಸೈಟಲ್ಲಿ ರೆಕಾರ್ಡ್ ಇರುತ್ತೆ, ತೋರಿಸ್ತೀನಿ.” ಸಭೆಯಲ್ಲಿ ಆಫ್ ಮಾಡಿದ್ದ ಫೋನನ್ನು ಹೆಂಡತಿ ಆನ್ ಮಾಡಿದಳು. ಅದು ಟಿಣ್ ಎಂದಿತು. ತಮಾಷೆಗೆಂದು ಅವಳು ಗಂಡನ ನಂಬರನ್ನು ಊರಿಟ್ಟ ಹೆಸರಲ್ಲೇ ಉಳಿಸಿಕೊಂಡಿದ್ದಳು. ಜೋರಾಗಿ ಓದಿದಳು: “‘ನಿಮ್ಮ ಪರಿಚಯದ ಷರತ್ತಪ್ಪ, ಸತ್ಯಪ್ರಿಯ ಎಂಬ ಹೆಸರಿನಲ್ಲಿ ಈಗ ನಮ್ಮ ಜೊತೆಗಿದ್ದಾರೆ. ಅವರ ಮೊದಲ ಕಮೆಂಟು ಓದಿ...’”

ಮುಂದಿನದನ್ನು ಅವಳು ಜೋರಾಗಿ ಓದಲಿಲ್ಲ. ಫೋನನ್ನು ತಮ್ಮನ ಕೈಗಿಟ್ಟಳು. ಅವನು ಎರಡು ಸಲ ಓದಿದ.

“ಹದಿನೇಳನೇದು ಭಾವ,” ಎಂದ ಮೆಲ್ಲಗೆ. “ನೀವೇ ಹೇಳ್ಕೊಟ್ಟಿದ್ದು.”

ಕಿಟಕಿಯಾಚೆ, ಸಭೆ ಮುಗಿಸಿ ಬರುತ್ತಿದ್ದವರು ಒಬ್ಬೊಬ್ಬರಾಗಿ ಜೇಬಿನಿಂದ ಫೋನು ತೆಗೆದು ನೋಡುತ್ತ, ಅವನ ಮನೆಯ ಮುಂದೆ ನಿಲ್ಲತೊಡಗಿದ್ದರು.