ಏಳನೆಯ ಹಂತದ ಕೊಳ

ಮೂರು ಗಂಟೆ ನಲವತ್ತು ನಿಮಿಷಕ್ಕೆ ಕಿರುಚಾಟ ಕೇಳಿಸಿತು. ನಲವತ್ತೆರಡಕ್ಕೆ ಕಲ್ಲು ಬಿತ್ತು. ವಿಠಲನಿಗೆ ಸಿಕ್ಕಿದ್ದು ನಡುವಿನ ಎರಡು ನಿಮಿಷ.

ಸಂಶಯಕ್ಕೆ ಮಾತ್ರ ಮೂರು ವಾರ ವಯಸ್ಸಾಗಿತ್ತು. ತಂಗಿ ಅಕ್ಷಿತಾಳ ಮುಂಗೈ ನೀಲಿಗಟ್ಟಿದ್ದನ್ನು ಅವನು ನೋಡಿದ್ದ. "ಬಸ್ಸಿನ ಬಾಗಿಲು ತಾಗಿದ್ದು ಅಣ್ಣ" ಎಂದಿದ್ದಳು. ಅವನು ನಂಬಲಿಲ್ಲ. ಆದುದರಿಂದಲೇ, ಅವಳ ಗಂಡ ಸುಕೇಶ್ ಘಟ್ಟದ ಹಳೆಯ ಅರಮನೆ ತೋಟಕ್ಕೆ ಹೊರಟಾಗ, ಕರೆಯದಿದ್ದರೂ ಕಾರು ಹತ್ತಿದ. ಶಂಕರಪುರದ ತನ್ನ ಗಿಡಗಳ ಮಲ್ಲಿಗೆಯನ್ನು ತಂಗಿಯ ಮುಡಿಗೆ ತಂದಿದ್ದ.

ಕಾರ್ಕಳ ದಾಟಿ ಮೂರು ಗಂಟೆಗೆ ತಲುಪಿದರು. ಬೆಟ್ಟವನ್ನು ಕಡಿದು ಮಾಡಿದ ಏಳು ಹಂತಗಳು, ಎಲ್ಲಕ್ಕಿಂತ ಕೆಳಗಿನದರಲ್ಲಿ ಝರಿ ಧುಮುಕುವ ಕೊಳ. ಒಂದು ಪಕ್ಕದ ಬಂಡೆ ಕಡಿದಾಗಿದ್ದು, ಮೇಲಿನ ಕಲ್ಲಿನ ಜಗಲಿ ನೇರವಾಗಿ ಕೊಳದ ಮೇಲೆ ಚಾಚಿತ್ತು.

"ಭಾವ, ನಿಮ್ಮ ಮಂಡಿಗೆ ಇನ್ನೂರು ಮೆಟ್ಟಿಲು ಆಗ್ಲಿಕ್ಕಿಲ್ಲ ಮಾರಾಯ್ರೆ. ಇಲ್ಲೇ ಕೂತು ಕಡ್ಲೆ ತಿನ್ನಿ. ಕೊಳಕ್ಕೆ ನಾವಿಬ್ಬರೇ ಹೋಗಿ ಬರ್ತೇವೆ" ಎಂದ ಸುಕೇಶ್.

"ಇವರಿಗೆ ಫೋಟೋ ಒಂದು ಸಿಕ್ಕಿದ್ರೆ ಸಾಕು ಅಣ್ಣ. ನನ್ನನ್ನು ನೀರಿಗೆ ತಳ್ಳಿಯಾದರೂ ತೆಗೆದಾರು!" ಅಕ್ಷಿತಾ ನಕ್ಕಳು. ವಿಠಲ ನಗಲಿಲ್ಲ.

ಕಿರುಚಾಟ ಕೇಳಿ ಜಗಲಿಯಿಂದ ಬಗ್ಗಿದ. ಐವತ್ತು ಅಡಿ ಕೆಳಗೆ ನೀರು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಸುಕೇಶ್ ಅವಳ ಮುಖಕ್ಕೆ ಎರಡೂ ಕೈಗಳಿಂದ ಬಾರಿಸುತ್ತಿದ್ದ. ಜಡೆಯ ಮಲ್ಲಿಗೆಯನ್ನು ಕಿತ್ತು ದೂರ ಎಸೆದ. ಗಂಡ ಬದುಕಿರುವಾಗ ಹೆಣ್ಣಿನ ಹೂವನ್ನು ಯಾರೂ ಹಾಗೆ ಕೀಳುವುದಿಲ್ಲ.

"ಏಯ್! ಬಿಡು ಅವಳನ್ನು!"

ನೀರು ಧುಮುಕುವ ಸದ್ದಿನಲ್ಲಿ ಕೂಗು ಮುಳುಗಿತು. ಸುಕೇಶ್ ತನ್ನ ಅಂಗಿ ಕಳಚಿ ಅವಳ ತಲೆಗೆ ಸುತ್ತಿದ. ಕೊಳಕ್ಕೆ ದೂಡಿದ. ತಾನೂ ಇಳಿದು ಅವಳ ಮೇಲೆ ಬಿದ್ದು ಅದುಮಿದ. ಒಮ್ಮೆ ಮೇಲೆತ್ತಿದ, ಅವಳು ಉಸಿರೆಳೆದಳು, ಮತ್ತೆ ಅದುಮಿದ.

ಮೆಟ್ಟಿಲು ಇಳಿಯಲು ಹತ್ತು ನಿಮಿಷ ಬೇಕು. ವಿಠಲ ಜಗಲಿಯ ಅಂಚಿನ ಸಡಿಲ ಕಲ್ಲನ್ನು ಎರಡೂ ಕೈಗಳಿಂದ ಎತ್ತಿದ. ಬರಿಯ ಬೆನ್ನು ಮೇಲೆ ಕಾಣುವವರೆಗೆ ಕಾದ. ಬಿಟ್ಟ.

ತಲೆ ಒಡೆಯಿತು. ಕೊಳ ಕೆಂಪಾಯಿತು.

ಕೆಳಗೆ ಓಡಲು ಹೊರಟವನನ್ನು ಕಾವಲುಗಾರ ಸುಂದರ ಕೈ ತಿರುಚಿ ಕೆಡವಿದ. ಪೊಲೀಸರು ಬರುವವರೆಗೂ ಬಿಡಲಿಲ್ಲ.

"ಕೊಂದದ್ದು ನಾನೇ. ತಂಗಿ ಎಂತ ಆದಳು ಸಾರ್?" ಠಾಣೆಯಲ್ಲಿ ಕೇಳಿದ.

"ತೋಟದವರು ನೀರಿನಿಂದ ಎತ್ತಿದ್ರು. ಪ್ರಜ್ಞೆ ಇಲ್ಲ. ಜೀವ ಉಂಟು."

"ಹಾಗಾದರೆ ಸಾಕು. ನಾನು ಕೈಕಟ್ಟಿ ನಿಂತಿದ್ದರೆ ಅದೂ ಇರುತ್ತಿರಲಿಲ್ಲ."

ಮರುದಿನ ಹನ್ನೊಂದಕ್ಕೆ ಮಣಿಪಾಲದಿಂದ ವೈದ್ಯರ ವರದಿ ಬಂತು.

ಸುಕೇಶನ ದೇಹದಲ್ಲಿ, ಜೀವವಿದ್ದಾಗಲೇ ನಾಟಿದ್ದ ಹೆಜ್ಜೇನಿನ ಮುಳ್ಳುಗಳು: ಇನ್ನೂರ ಹದಿನೇಳು. ಅಕ್ಷಿತಾಳ ದೇಹದಲ್ಲಿ: ಮೂರು.