ಬರಣಿಗೆ ನಾಲ್ಕು ಬೆರಳು

ಶಾಕೀರಾಳ ಬ್ಯಾಟು ಹನ್ನೊಂದನೆಯ ಸಲವೂ ಅಲ್ಲೇ ನಿಂತಿತು. ಚೆಂಡಿಗೆ ತಾಗಿತು ನಿಜ. ಆದರೆ ತಾಗಿದ್ದೇ ತಡ, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಕ್ಕನೆ ನಿಂತುಬಿಟ್ಟಿತು. ಚೆಂಡು ಹತ್ತು ಹೆಜ್ಜೆ ಉರುಳಿ, ಸವಣೂರಿನ ಬಿಸಿಲಿಗೆ ತನಗೂ ಸಾಕಾಯಿತು ಅನ್ನುವಂತೆ ಮಲಗಿತು.

"ಯಾಕ ನಿಲ್ಲಸ್ತೀಯವ್ವಾ?" ಎಂದು ಆಟದ ಟೀಚರು ರಂಜನಾ ಕೇಳಿದರು.

"ನಾ ನಿಲ್ಲಸಂಗಿಲ್ರಿ ಅಕ್ಕೋರ. ಅದ ನಿಲ್ತೈತ್ರಿ."

"ಅದೇನ್ ಬಂಕಾಪುರ ಬಸ್ಸೇನ, ಸ್ಟಾಪ್ ಬಂತಂತ ತಾನ ನಿಲ್ಲಾಕ?"

ಉಳಿದ ಹುಡುಗಿಯರು ನಕ್ಕರು. ಶಾಕೀರಾ ನಗಲಿಲ್ಲ. ನಾಡಿದ್ದು ಹಾವೇರಿಯಲ್ಲಿ ಜಿಲ್ಲಾ ಸಾಫ್ಟ್‌ಬಾಲ್ ತಂಡದ ಆಯ್ಕೆ. ಹೋದ ವರ್ಷ ಆಯ್ಕೆ ಮಾಡುವವರು ಅವಳ ಹೆಸರಿನ ಮುಂದೆ ಬರೆದದ್ದು ಒಂದೇ ಸಾಲು: 'ಬ್ಯಾಟು ಅರ್ಧಕ್ಕೇ ನಿಲ್ಲಿಸುತ್ತಾಳೆ.' ಈಗ ಹತ್ತನೆಯ ತರಗತಿ. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಕರೆಯುವವರಿಲ್ಲ.

ಟೀಚರು ಮೊಬೈಲಿನಲ್ಲಿ ಹಿಡಿದ ವಿಡಿಯೊ ನಿಧಾನ ಮಾಡಿ ನೋಡಿದರು. ಮುಂಗಾಲು ಸರಿಯಾಗಿಯೇ ಬೀಳುತ್ತಿತ್ತು. ಸೊಂಟ ತಿರುಗುತ್ತಿತ್ತು. ಮೊಣಕೈಯಲ್ಲೂ ತಪ್ಪಿಲ್ಲ. ಇಷ್ಟಾದ ಮೇಲೆ ಬ್ಯಾಟು ಚೆಂಡನ್ನು ದಾಟಿ, ಸುತ್ತಿ ಬಂದು ಎಡಭುಜದ ಮೇಲೆ ಕೂರಬೇಕು. ಇವಳದು ದಾರಿಯಲ್ಲೇ ನಿಲ್ಲುತ್ತಿತ್ತು. ಹನ್ನೊಂದು ಸಲವೂ ಒಂದೇ ಕಡೆ, ಗೆರೆ ಎಳೆದಿಟ್ಟ ಹಾಗೆ.

"ಮನ್ಯಾಗ ಬೀಸ್ತಿಯಿಲ್ಲ?"

"ದಿನಾ ನೂರ ಸಲ ಬೀಸ್ತೇನ್ರಿ. ಅಬ್ಬಾ ಎಣಸ್ತಾರ್ರಿ."

ಸಂಜೆ ಟೀಚರು ಕಾಲು ಕಿಲೊ ಖಾರದ ನೆಪ ಮಾಡಿಕೊಂಡು ಶಾಕೀರಾಳ ಅಪ್ಪ ಉಸ್ಮಾನಸಾಬನ ಕುರುಕಲು ತಿಂಡಿಯ ಅಂಗಡಿಗೆ ಹೋದರು. ಒಲೆಯ ಮೇಲಿನ ಕಡಾಯಿ ಇಳಿಸಿಯಾಗಿತ್ತು. ಅವನು ಚಾಪೆಯ ಮೇಲೆ ಕೂತು ಅವತ್ತು ಕರಿದ ಖಾರದ ಪೊಟ್ಟಣ ಕಟ್ಟುತ್ತಿದ್ದ. ಒಂದು ಪೊಟ್ಟಣಕ್ಕೆ ದಾರ ಸುತ್ತಿ ಬದಿಗಿಟ್ಟರೆ ಮಗಳು ಒಂದು ಸಲ ಬೀಸಬೇಕು. ನೂರು ಪೊಟ್ಟಣ ಮುಗಿದರೆ ನೂರು ಬೀಸು ಮುಗಿದಂತೆ. ಅವಳು ನಿಂತ ಜಾಗ ಒಲೆಗೂ ಅಂಗಡಿಯ ಕಟ್ಟೆಗೂ ನಡುವೆ. ಬೀದಿಗೆ ಮುಖ ಮಾಡಿದ ಆ ಕಟ್ಟೆ ಅವಳ ಎಡಕ್ಕೆ. ಅದರ ಮೇಲೆ ಖಾರ ತುಂಬಿದ ಒಂಬತ್ತು ಗಾಜಿನ ಬರಣಿ. ಬ್ಯಾಟು ಸುಂಯ್ ಅಂತ ಬಂತು. ಮೊದಲ ಬರಣಿಗೆ ನಾಲ್ಕು ಬೆರಳು ಇದೆ ಅನ್ನುವಾಗ ನಿಂತಿತು.

"ನೋಡಿದ್ರ್ಯಾ ಅಕ್ಕೋರ?" ಉಸ್ಮಾನಸಾಬನ ಮುಖ ಅರಳಿತು. "ಎರಡು ವರ್ಷ ಆತ್ರಿ, ಒಂದ ಬರಣಿ ಸೈತ ಒಡದಿಲ್ಲ. ಹೊರಗ ಬೀಸಬೇಕಂದ್ರ ಟಂಟಂ ಗಾಡಿ ಕಾಟ. ಅದಕ್ಕ ಇಲ್ಲೇ ಬೀಸು, ಆದ್ರ ಕೈಯಾಗ ಹದಾ ಇರಬೇಕ್ ಬೇಟಿ ಅಂತ ನಾನ ಹೇಳಿಕೊಟ್ಟೇನಿ. ನಿಮ್ಮ ಸಾಲ್ಯಾಗ ಎಷ್ಟ ಹುಡುಗ್ಯಾರಿಗೆ ಬರ್ತೈತ್ರಿ ಇದು?"

"ಯಾರಿಗೂ ಬರೂದಿಲ್ರಿ," ಎಂದರು ಟೀಚರು. ಬಾಯಿಗೆ ಹಾಕಿಕೊಂಡ ಖಾರ ಅಗಿಯುವುದು ಮರೆತಿತ್ತು. "ಸಾಬ್ರ, ನಿಮ್ಮ ಮಗಳು ಬ್ಯಾಟ್ ಬೀಸೂದ ಕಲ್ತಿಲ್ರಿ. ಬರಣಿ ಕಾಯೂದ ಕಲ್ತಾಳ. ಹೋದ ವರ್ಷ ಇದಕ್ಕ ಬಿಟ್ರು. ನಾಡಿದ್ದೂ ಇದಕ್ಕ ಬಿಡ್ತಾರ."

ಉಸ್ಮಾನಸಾಬನ ಕೈಯೊಳಗಿನ ದಾರ ಅರ್ಧ ಸುತ್ತಿಗೆ ನಿಂತಿತು.

"ಅಷ್ಟ ಹೌದಿಲ್ಲೋ? ಬರಣಿ ತಗದ್ರಾತು," ಎಂದು ಎದ್ದ. ಒಂಬತ್ತನ್ನೂ ಒಂದೊಂದಾಗಿ, ಕೂಸು ಇಳಿಸಿದ ಹಾಗೆ ಇಳಿಸಿ ಚಾಪೆಯ ಮೇಲೆ ಸಾಲಾಗಿ ಇಟ್ಟ. ಕಟ್ಟೆ ಬರಿದಾಯಿತು. "ಈಗ ಬೀಸು."

ಶಾಕೀರಾ ಬೀಸಿದಳು. ಬ್ಯಾಟು ನಿಂತಿತು. ಮತ್ತೆ ಬೀಸಿದಳು. ಇಲ್ಲದ ಬರಣಿಗೂ ಅದೇ ನಾಲ್ಕು ಬೆರಳು.

"ಅಬ್ಬಾ, ನನಗಿನ್ನೂ ಕಾಣಾಕತ್ತಾವ," ಅಂದಳು. ಕಣ್ಣಲ್ಲಿ ನೀರು ಬಂದಿತ್ತು.

ಉಸ್ಮಾನಸಾಬ ಮಗಳನ್ನು ನೋಡಿದ, ಟೀಚರನ್ನು ನೋಡಿದ, ಚಾಪೆಯ ಮೇಲಿನ ಬರಣಿಗಳನ್ನು ನೋಡಿದ. ಆಮೇಲೆ ಎಲ್ಲಕ್ಕಿಂತ ದೊಡ್ಡದನ್ನು, ತನ್ನ ಅಪ್ಪನ, ಅಂದರೆ ಶಾಕೀರಾಳ ದಾದಾನ ಕಾಲದ್ದನ್ನು, ಎತ್ತಿಕೊಂಡ. ಒಳಗಿನ ಖಾರ ಡಬ್ಬಿಗೆ ಸುರಿಯಲು ಹೋದವನು, ಖಾಲಿ ಬರಣಿ ಒಡೆದರೆ ಒಡೆದಂತಲ್ಲ ಅನಿಸಿತೋ ಏನೋ, ತುಂಬಿದ್ದನ್ನೇ ತಂದು ಮೊದಲಿನ ಜಾಗದಲ್ಲಿಟ್ಟ. ಬೀದಿಗೆ ತಲೆ ಹಾಕಿ ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡ.

"ಅಕ್ಕೋರ, ನೀವು ಒಲಿ ಕಡೆ ಸರೀರಿ. ಬೇಟಿ, ಕಣ್ಣ ಮುಚ್ಚು. ಹೊಡಿ."

"ಅಬ್ಬಾ, ಇದು ದಾದಾಂದು."

"ದಾದಾ ಆಡಾಕ ಬರೂದಿಲ್ಲ ಹಾವೇರಿಗೆ. ಹೊಡಿ."

ಸದ್ದಿಗೆ ಎದುರಿನ ಎಲೆ ಅಂಗಡಿಯವರು ಹೊರಗೆ ಬಂದು ನಿಂತರು. ಬೀದಿಯ ತುಂಬ ಗಾಜು, ಗಾಜಿನ ತುಂಬ ಖಾರ. ಶಾಕೀರಾ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬ್ಯಾಟು ಸುತ್ತಿ ಬಂದು ಅವಳ ಎಡಭುಜದ ಮೇಲೆ, ಮೊದಲಿಂದಲೂ ಅಲ್ಲೇ ಇದ್ದ ಹಾಗೆ, ಕೂತಿತ್ತು.

ಸಾಕು ಅನ್ನಲು ಟೀಚರು ಬಾಯಿ ತೆರೆದರು.

"ಚಪ್ಪಲ್ ಹಾಕ್ಕೋ, ಗಾಜು ಬಿದ್ದಾವು," ಎಂದ ಉಸ್ಮಾನಸಾಬ. ಎರಡನೆಯ ಬರಣಿಯ ಧೂಳನ್ನು ಅಂಗಿಯ ತುದಿಯಿಂದ ಸ್ವಚ್ಛವಾಗಿ ಒರೆಸಿ, ಅದೇ ಜಾಗಕ್ಕೆ ತಂದಿಟ್ಟ.